ಕೈಯ ಬೆಲೆ ಎದುರಾಳಿಯಲ್ಲಿದೆ

ಪೋಕರ್ ಆಟವನ್ನು ಹೊಸದಾಗಿ ಕಲಿಯಹೊರಟವರು ಮೊತ್ತಮೊದಲು ಕೇಳುವ ಪ್ರಶ್ನೆ, ಯಾವ ಎಲೆಗಳು ಬಂದಾಗ ಆಡಬೇಕು, ಯಾವುವು ಬಂದಾಗ ಬಿಸಾಡಬೇಕು ಎಂಬುದು. ಪ್ರಶ್ನೆ ಸಹಜವಾದುದೇ, ಅದಕ್ಕೆ ಸಿದ್ಧವಾದ ಉತ್ತರಗಳೂ ಇಂದು ಯಥೇಚ್ಛವಾಗಿ ದೊರೆಯುತ್ತವೆ. ಆದರೆ ಆ ಸಿದ್ಧೋತ್ತರಗಳು ಆಟದ ಮರ್ಮವನ್ನೇ ಮರೆಯಿಸಿಬಿಡುತ್ತವೆಂದೂ, ಆ ಮರೆವಿನಿಂದ ಆಟಗಾರನಿಗೆ ಮಾತ್ರವಲ್ಲದೆ ಪೋಕರನ್ನು ಕುರಿತು ನಮ್ಮ ನಾಡಿನ ನ್ಯಾಯಾಲಯಗಳಲ್ಲಿಯೂ ಶಾಸನಸಭೆಗಳಲ್ಲಿಯೂ ನಡೆದಿರುವ ಚರ್ಚೆಗೂ ಹಾನಿಯಾಗಿದೆಯೆಂದೂ ನನ್ನ ಅಭಿಪ್ರಾಯ. ಕೈಗೆ ಬಂದ ಎರಡು ಎಲೆಗಳಿಗೆ ತಮ್ಮಷ್ಟಕ್ಕೆ ತಾವೇ ಒಂದು ಬೆಲೆಯಿರುವುದಿಲ್ಲ. ಎದುರಿಗೆ ಕುಳಿತವನು ಯಾರು, ಅವನು ಯಾವ ಎಲೆಗಳ ಮೇಲೆ ಹಣ ಹಾಕುವವನು, ಎಂಥ ಏರಿಕೆಗೆ ಹಿಂಜರಿಯುವವನು ಎಂಬುದನ್ನು ಅವಲಂಬಿಸಿ ಆ ಬೆಲೆ ಹುಟ್ಟುತ್ತದೆ, ಏರುತ್ತದೆ, ಇಳಿಯುತ್ತದೆ.

ಆಟದ ಪರಿಚಯವಿಲ್ಲದ ಓದುಗರಿಗಾಗಿ ಅದರ ರೂಪರೇಖೆಯನ್ನು ಸಂಕ್ಷೇಪವಾಗಿ ಹೇಳಬೇಕು. ಇಂದು ಜಗತ್ತಿನಲ್ಲೆಲ್ಲ ಪ್ರಚಾರದಲ್ಲಿರುವುದು ಟೆಕ್ಸಸ್ ಹೋಲ್ಡೆಮ್ ಎಂಬ ಪ್ರಕಾರ. ಅದರಲ್ಲಿ ಪ್ರತಿಯೊಬ್ಬನಿಗೂ ಎರಡೆರಡು ಎಲೆಗಳನ್ನು ಗುಪ್ತವಾಗಿ ಹಂಚಿ, ಅನಂತರ ಎಲ್ಲರಿಗೂ ಸಮಾನವಾದ ಐದು ಎಲೆಗಳನ್ನು, ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು ಎಂಬ ಕ್ರಮದಲ್ಲಿ ಮೇಜಿನ ನಡುವೆ ತೆರೆಯುತ್ತಾರೆ. ಈ ಏಳರಲ್ಲಿ ಅತ್ಯುತ್ತಮವಾದ ಐದನ್ನು ಕೂಡಿಸಿಕೊಂಡವನು ಗೆಲ್ಲುತ್ತಾನೆ. ಇಲ್ಲವೆ ಉಳಿದವರೆಲ್ಲರೂ ಎಲೆ ಬಿಸಾಡುವಂತೆ ಪಣವನ್ನೇರಿಸಿದವನು ತನ್ನ ಎಲೆಯನ್ನು ತೋರಿಸದೆಯೇ ಗೆಲ್ಲುತ್ತಾನೆ. ಪ್ರತಿ ಸುತ್ತಿನ ಆರಂಭದಲ್ಲಿಯೂ ಇಬ್ಬರು ಎಲೆ ನೋಡುವ ಮೊದಲೇ ಹಾಕಬೇಕಾದ ಕಡ್ಡಾಯದ ಪಣಗಳಿಗೆ ಸಣ್ಣ ಬ್ಲೈಂಡ್, ದೊಡ್ಡ ಬ್ಲೈಂಡ್ ಎಂದು ಹೆಸರು. ನಡುವಣ ಎಲೆ ಒಂದೂ ತೆರೆಯದಿರುವಾಗ, ಕೈಯಲ್ಲಿ ಎರಡೇ ಎಲೆಗಳಿರುವಾಗ ಮಾಡಬೇಕಾದ ನಿರ್ಧಾರವೇ ನಮ್ಮ ಪ್ರಸ್ತುತ ವಿಷಯ.

ಐವತ್ತೆರಡು ಎಲೆಗಳಿಂದ ಎರಡನ್ನು ಆರಿಸುವ ವಿಧಗಳು ಒಟ್ಟು 1,326. ಇಸ್ಪೀಟು, ಆಠೀನು ಮುಂತಾದ ಗುರುತುಗಳಿಗೆ ಆರಂಭದಲ್ಲಿ ಪರಸ್ಪರ ಮೇಲುಕೀಳುಗಳಿಲ್ಲವಾದುದರಿಂದ ಇವು 169 ಬಗೆಗಳಲ್ಲಿ ಅಡಗುತ್ತವೆ: ಜೋಡಿಗಳು 13, ಒಂದೇ ಗುರುತಿನವು 78, ಭಿನ್ನ ಗುರುತಿನವು 78. ಇಷ್ಟು ಅಲ್ಪಸಂಖ್ಯೆಯ ಬಗೆಗಳನ್ನು ಒಂದು ಪಟ್ಟಿಯಲ್ಲಿ ಕ್ರಮವಾಗಿ ಜೋಡಿಸಿಬಿಡಬೇಕೆಂಬ ಆಸೆ ಹುಟ್ಟುವುದು ಸ್ವಾಭಾವಿಕ. ಅಮೆರಿಕದ ಡೇವಿಡ್ ಸ್ಕ್ಲಾನ್‌ಸ್ಕಿ ಮತ್ತು ಮೇಸನ್ ಮ್ಯಾಲ್ಮತ್ ಎಂಬಿಬ್ಬರು 1988ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಕೈಗಳನ್ನು ಎಂಟು ವರ್ಗಗಳಾಗಿ ವಿಂಗಡಿಸಿದ್ದು ಪ್ರಸಿದ್ಧವಾಗಿದೆ. ಇಂದಿನ ಆಟಗಾರರು ಬಾಯಿಪಾಠ ಮಾಡುವ ಬಣ್ಣಬಣ್ಣದ ಹದಿಮೂರು ಸಾಲು ಹದಿಮೂರು ಅಂಕಣಗಳ ಚೌಕಗಳು ಆ ವಿಂಗಡಣೆಯ ಮೊಮ್ಮಕ್ಕಳೆಂದರೆ ತಪ್ಪಾಗದು. ಆದರೆ ಆ ಗ್ರಂಥಕರ್ತರು ತಮ್ಮ ವರ್ಗೀಕರಣವನ್ನು ಪಣಕ್ಕೆ ಮಿತಿಯಿರುವ, ತುಂಬಿದ ಮೇಜಿನ ಆಟಕ್ಕಾಗಿ ರಚಿಸಿದ್ದರೆಂಬುದನ್ನೂ, ಸಡಿಲವಾದ ಮೇಜು, ಉಗ್ರವಾದ ಮೇಜು, ಜನ ಕಡಿಮೆಯಿರುವ ಮೇಜು ಎಂಬ ಭೇದಗಳಿಗೆ ತಕ್ಕಂತೆ ಅದನ್ನು ಹೇಗೆ ಬದಲಾಯಿಸಿಕೊಳ್ಳಬೇಕೆಂದು ಬೇರೆಯಾಗಿಯೇ ಬರೆದಿದ್ದರೆಂಬುದನ್ನೂ ಪಟ್ಟಿಯನ್ನು ಮಾತ್ರ ಕಿತ್ತುಕೊಂಡು ಹೋದವರು ಮರೆತರು. ಗ್ರಂಥದ ಆತ್ಮ ಅಲ್ಲಿಯೇ ಉಳಿಯಿತು. ಅದರ ಅನುಬಂಧವೊಂದು ಲೋಕಸಂಚಾರಕ್ಕೆ ಹೊರಟಿತು.

ಎಕ್ಕ ಮತ್ತು ಹತ್ತು, ಭಿನ್ನ ಗುರುತಿನವು, ಕೈಗೆ ಬಂದಿವೆಯೆಂದು ಭಾವಿಸೋಣ. ಎದುರಿಗಿರುವವನು ಏನು ಬಂದರೂ ಬಿಸಾಡದೆ ಆಡುವವನಾದರೆ, ಇಬ್ಬರೂ ಕೊನೆಯವರೆಗೆ ನಿಂತಾಗ ಈ ಕೈ ಸುಮಾರು ನೂರಕ್ಕೆ 63 ಸಲ ಗೆಲ್ಲುತ್ತದೆ. ಈಗ ಎದುರಾಳಿಯನ್ನು ಬದಲಾಯಿಸೋಣ. ಇವನು ಹತ್ತರ ಜೋಡಿಯಿಂದ ಎಕ್ಕದ ಜೋಡಿಯವರೆಗಿನ ಐದು ಜೋಡಿಗಳು, ಎಕ್ಕ-ರಾಜ, ಎಕ್ಕ-ರಾಣಿ, ಇವನ್ನು ಬಿಟ್ಟರೆ ಬೇರೆ ಯಾವ ಕೈಗೂ ಪಣವೇರಿಸದ ಮಿತವ್ಯಯಿ. ಒಂದೊಂದು ಜೋಡಿಗೂ ಆರಾರು ವಿಧಗಳಂತೆ ಮೂವತ್ತು, ಎಕ್ಕ-ರಾಜಕ್ಕೆ ಹದಿನಾರು, ಎಕ್ಕ-ರಾಣಿಗೆ ಹದಿನಾರು, ಒಟ್ಟು 62; ಅಂದರೆ 1,326ರಲ್ಲಿ ನೂರಕ್ಕೆ ಐದರಷ್ಟೂ ಇಲ್ಲ. ಅಂಥವನು ಏರಿಸಿದ ಪಣದ ಎದುರಿಗೆ ಅದೇ ಎಕ್ಕ-ಹತ್ತು ಗೆಲ್ಲುವುದು ಸುಮಾರು ನಾಲ್ಕು ಸಲಕ್ಕೆ ಒಂದು ಸಲ ಮಾತ್ರ. ನಡುವೆ ಎಕ್ಕವೇ ಬಂದರೂ ಸಂತೋಷಪಡುವಂತಿಲ್ಲ. ಎಕ್ಕದ ಜೊತೆಗೆ ಅವನಲ್ಲಿ ರಾಜನೋ ರಾಣಿಯೋ ಇದ್ದೀತು, ನಮ್ಮಲ್ಲಿರುವುದು ಹತ್ತು. ಎಲೆ ಬದಲಾಗಲಿಲ್ಲ, ಹಂಚಿದವನು ಬದಲಾಗಲಿಲ್ಲ, ಮೇಜು ಬದಲಾಗಲಿಲ್ಲ. ಎದುರಿಗಿದ್ದ ಮನುಷ್ಯನೊಬ್ಬನು ಬದಲಾದನೆಂಬ ಕಾರಣಕ್ಕೆ ಲಾಭದ ಕೈ ನಷ್ಟದ ಕೈಯಾಯಿತು. ಎಕ್ಕ-ಹತ್ತನ್ನು ಎಷ್ಟನೆಯ ವರ್ಗಕ್ಕೆ ಸೇರಿಸಬೇಕೆಂಬ ಪ್ರಶ್ನೆಗೆ ಇನ್ನು ಉತ್ತರವೆಲ್ಲಿ?

ಎರೆಭೂಮಿಯ ರೈತನು ಹಿಂಗಾರಿನ ಜೋಳವನ್ನೂ ಕೆಂಪುಮಣ್ಣಿನ ರೈತನು ರಾಗಿಯನ್ನೂ ಬಿತ್ತುವುದು ಬೀಜಗಳಲ್ಲಿ ಒಂದು ಶ್ರೇಷ್ಠ ಮತ್ತೊಂದು ಕನಿಷ್ಠ ಎಂಬ ತಾರತಮ್ಯದಿಂದಲ್ಲ. ಮಣ್ಣು ಯಾವುದನ್ನು ಬೆಳೆಸಬಲ್ಲುದೆಂಬ ಅರಿವಿನಿಂದ. ಆರಂಭದ ಕೈಯ ಆಯ್ಕೆಯಲ್ಲಿ ಎದುರಾಳಿಯೇ ಮಣ್ಣು. ಆದುದರಿಂದ ಆ ಮಣ್ಣಿನ ಮುಖ್ಯಪ್ರಭೇದಗಳನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ.

ಬಿಗಿಮುಷ್ಟಿಯ ಆಟಗಾರನನ್ನು ಮೊದಲು ತೆಗೆದುಕೊಳ್ಳೋಣ. ಅವನು ನೂರು ಕೈಗಳಲ್ಲಿ ತೊಂಬತ್ತನ್ನು ಬಿಸಾಡುತ್ತಾನೆ. ಉಳಿದ ಹತ್ತನ್ನು ಮಾತ್ರ ಆಡುತ್ತಾನೆ. ಇಂಥವನ ವಿಷಯದಲ್ಲಿ ನಮ್ಮ ಆಯ್ಕೆ ಪರಸ್ಪರ ವಿರುದ್ಧವಾದ ಎರಡು ದಿಕ್ಕುಗಳಲ್ಲಿ ಏಕಕಾಲಕ್ಕೆ ಸಾಗಬೇಕು. ಅವನು ಪಣವೇರಿಸಿದಾಗ ನಾವು ಅವನಿಗಿಂತಲೂ ಬಿಗಿಯಾಗಬೇಕು: ಎಕ್ಕ-ಗುಲಾಮ, ರಾಜ-ರಾಣಿ ಮುಂತಾದ ಕಣ್ಣಿಗೆ ಹಬ್ಬವಾಗುವ ಕೈಗಳನ್ನು ಕೂಡ ಮರುಮಾತಿಲ್ಲದೆ ಬಿಟ್ಟುಕೊಡಬೇಕು. ಆದರೆ ಅವನು ಬ್ಲೈಂಡಿನಲ್ಲಿ ಕುಳಿತು, ಉಳಿದವರೆಲ್ಲರೂ ಬಿಸಾಡಿ, ಸರದಿ ನಮ್ಮ ಬಳಿಗೆ ಬಂದಾಗ ನಾವು ಸಡಿಲವಾಗಬೇಕು. ಸಣ್ಣ ಬ್ಲೈಂಡ್ 50, ದೊಡ್ಡ ಬ್ಲೈಂಡ್ 100 ಇರುವಾಗ ನಾವು 250ಕ್ಕೆ ಏರಿಸಿದರೆ, 150ನ್ನು ಗೆಲ್ಲುವುದಕ್ಕಾಗಿ 250ನ್ನು ಒಡ್ಡಿದಂತಾಯಿತು. ಹಿಂದಿರುವ ಇಬ್ಬರೂ ಎಂಟರಲ್ಲಿ ಐದು ಸಲಕ್ಕಿಂತ ಹೆಚ್ಚಾಗಿ ಬಿಸಾಡುವವರಾದರೆ ನಮ್ಮ ಕೈಯಲ್ಲಿ ಯಾವ ಎಲೆಗಳಿದ್ದರೂ ಈ ಏರಿಕೆ ಲಾಭದಾಯಕವೇ. ಒಬ್ಬೊಬ್ಬನೂ ಹತ್ತರಲ್ಲಿ ಎಂಟು ಸಲ ಬಿಸಾಡುವವನಾದರೆ ಇಬ್ಬರೂ ಒಟ್ಟಿಗೆ ಬಿಸಾಡುವುದು ನೂರಕ್ಕೆ 64 ಸಲ, ಅಷ್ಟಾದರೆ ಸಾಕು. ಒಂದೇ ಮನುಷ್ಯನೆದುರು ರಾಜ-ರಾಣಿಯನ್ನು ಬಿಸಾಡಿದವನೇ ಮುಂದಿನ ಗಳಿಗೆಯಲ್ಲಿ ಒಂಬತ್ತು-ಆರನ್ನು ಹಿಡಿದು ಏರಿಸುವುದು ಪಟ್ಟಿಯನ್ನು ನಂಬಿದವನಿಗೆ ಅವಿವೇಕವೆನಿಸೀತು. ಮನುಷ್ಯನನ್ನು ನೋಡಿದವನಿಗೆ ಅದರಲ್ಲಿ ಒಂದೇ ತರ್ಕವಿದೆ. ಮೊದಲಿಗನಾಗಿ ಏರಿಸುವುದಕ್ಕೆ ಬೇಕಾದ ಕೈಗಿಂತ ಇನ್ನೊಬ್ಬನ ಏರಿಕೆಯನ್ನು ಎದುರಿಸುವುದಕ್ಕೆ ಬೇಕಾದ ಕೈ ಉತ್ತಮವಾಗಿರಬೇಕೆಂದು ಸ್ಕ್ಲಾನ್‌ಸ್ಕಿ ಪ್ರತಿಪಾದಿಸಿದ ತತ್ತ್ವದ ಅರ್ಥವೂ ಇದೇ. ಎದುರಾಳಿ ಬಿಗಿಯಾದಷ್ಟೂ ಆ ಎರಡರ ನಡುವಣ ಅಂತರ ಹಿಗ್ಗುತ್ತದೆ.

ಇದೇ ಬಿಗಿಮುಷ್ಟಿಯವನ ಎದುರಿಗೆ ಮೂರರ ಜೋಡಿಯಂಥ ಚಿಕ್ಕ ಜೋಡಿಗೆ ಅನಿರೀಕ್ಷಿತವಾದ ಒಂದು ಯೋಗ್ಯತೆ ಬರುತ್ತದೆ. ಜೋಡಿಯನ್ನು ಹಿಡಿದವನಿಗೆ ಮೊದಲ ಮೂರು ಎಲೆಗಳಲ್ಲಿ ಮೂರನೆಯ ಸಂಗಾತಿ ದೊರೆಯುವುದು ಸರಾಸರಿ ಎಂಟೂವರೆ ಸಲಕ್ಕೆ ಒಂದು ಸಲ. ಉಳಿದ ಏಳೂವರೆ ಸಲದ ನಷ್ಟವನ್ನು ಆ ಒಂದು ಸಲದಲ್ಲಿ ತುಂಬಿಕೊಳ್ಳಬೇಕಾದರೆ ಎರಡು ಸಂಗತಿಗಳು ಇರಬೇಕು: ಇಬ್ಬರ ಮುಂದೆಯೂ ಪಣಕ್ಕೆ ಹಲವು ಪಟ್ಟು ಮಿಗಿಲಾದ ಹಣವಿರಬೇಕು, ಮತ್ತು ಎದುರಾಳಿ ತನ್ನ ದೊಡ್ಡ ಜೋಡಿಯ ಮೋಹವನ್ನು ಬಿಡಲಾರದವನಾಗಿರಬೇಕು. ತಾಸುಗಟ್ಟಲೆ ಕಾದು ಎಕ್ಕದ ಜೋಡಿಯನ್ನು ಪಡೆದವನಿಗೆ ಅದನ್ನು ಬಿಸಾಡುವ ಮನಸ್ಸು ಬರುವುದು ವಿರಳ. ಎಕ್ಕದ ಜೋಡಿ ಬರುವುದೇ 221 ಕೈಗಳಿಗೆ ಒಂದು ಸಲ. ಆದರೆ ಬಿಗಿಯಾಗಿ ಆರಿಸಿ, ಅಪಾಯ ಕಂಡೊಡನೆ ಹಗುರವಾಗಿ ಬಿಟ್ಟುಕೊಡುವವರೂ ಉಂಟು. ಅವರ ಮುಂದೆ ಮೂರರ ಜೋಡಿ ಬರಿಯ ಮೂರರ ಜೋಡಿಯೇ. ಆದುದರಿಂದ ಬಿಗಿ, ಸಡಿಲ ಎಂಬ ಒಂದೇ ಅಳತೆಗೋಲಿನಿಂದ ಮನುಷ್ಯರನ್ನು ಅಳೆದು ಮುಗಿಸುವಂತಿಲ್ಲ. ಆರಿಸುವುದರಲ್ಲಿ ಬಿಗಿಯೇ, ಹಿಡಿದುದನ್ನು ಬಿಡುವುದರಲ್ಲಿ ಬಿಗಿಯೇ ಎಂಬುದನ್ನು ಬೇರೆಬೇರೆಯಾಗಿ ಕೇಳಿಕೊಳ್ಳಬೇಕು.

ಇನ್ನು ಏನು ಬಂದರೂ ಜೊತೆಗೆ ಬರುವ, ಯಾವ ಏರಿಕೆಗೂ ಕಾಲ್ ಎಂದು ಅಷ್ಟೇ ಹಣ ಹಾಕುವ ಸೌಮ್ಯಸ್ವಭಾವದವನು. ಮೇಜುಗಳಲ್ಲಿ ಅತ್ಯಧಿಕ ಸಂಖ್ಯೆಯಲ್ಲಿರುವವನು ಇವನೇ. ಅತ್ಯಧಿಕವಾಗಿ ಕಳೆದುಕೊಳ್ಳುವವನೂ ಇವನೇ. ಇವನ ಮುಂದೆ ಬ್ಲಫ್, ಎಂದರೆ ಬಲವಿಲ್ಲದ ಕೈಯಿಂದ ಬೆದರಿಸುವುದು, ಹಣದ ಅಪವ್ಯಯ. ಆದುದರಿಂದ ಬೆದರಿಸಿ ಗೆಲ್ಲುವುದನ್ನೇ ನೆಚ್ಚಿರುವ ಎಕ್ಕ-ಐದು ಮೊದಲಾದ ಕೈಗಳ ಬೆಲೆ ಕುಸಿಯುತ್ತದೆ. ಎಕ್ಕ-ರಾಣಿ, ರಾಜ-ರಾಣಿ, ಎಕ್ಕ-ಗುಲಾಮಗಳಾದರೋ ಇಲ್ಲಿ ಬೆಲೆಯೇರಿ ನಿಲ್ಲುತ್ತವೆ. ಏಕೆಂದರೆ ಅದೇ ರಾಜನನ್ನು ಏಳರೊಡನೆ, ನಾಲ್ಕರೊಡನೆ ಹಿಡಿದುಕೊಂಡು ಅವನು ಕೊನೆಯವರೆಗೂ ಹಣ ಹಾಕುತ್ತ ಬರುತ್ತಾನೆ. ಬಿಗಿಮುಷ್ಟಿಯವನ ಮುಂದೆ ನಾವು ಯಾವ ಸ್ಥಿತಿಯಲ್ಲಿದ್ದೆವೋ ಈ ಸೌಮ್ಯನು ನಮ್ಮ ಮುಂದೆ ಆ ಸ್ಥಿತಿಯಲ್ಲಿದ್ದಾನೆ. ಇಂಥವನ ಎದುರು ಕೈಗಳ ಸಂಖ್ಯೆಯನ್ನು ಸ್ವಲ್ಪ ಹಿಗ್ಗಿಸಬಹುದು; ಒಳ್ಳೆಯ ಕೈಗೆ ಏರಿಸುವ ಪಣವನ್ನಂತೂ ನಿಸ್ಸಂಕೋಚವಾಗಿ ಹಿಗ್ಗಿಸಬೇಕು.

ಇಂಥವರು ಹಲವರು ಒಂದೇ ಮೇಜಿನಲ್ಲಿ ಕೂಡಿದಾಗ ಅನೇಕರು ಒಂದು ಭ್ರಮೆಗೆ ಒಳಗಾಗುತ್ತಾರೆ. ಎಲ್ಲರೂ ಕೊನೆಯವರೆಗೆ ಬರುವುದರಿಂದ ಎಕ್ಕದ ಜೋಡಿಯೂ ಸೋಲುತ್ತದೆ, ಆದುದರಿಂದ ದೊಡ್ಡ ಜೋಡಿಗಳಿಗೆ ಇಲ್ಲಿ ಬೆಲೆಯಿಲ್ಲ ಎಂದು ಗೊಣಗುವವರನ್ನು ಎಲ್ಲ ಆಟದ ಕೋಣೆಗಳಲ್ಲಿಯೂ ಕಾಣಬಹುದು. ಒಬ್ಬ ಎದುರಾಳಿಯ ಮುಂದೆ ಎಕ್ಕದ ಜೋಡಿ ನೂರಕ್ಕೆ ಸುಮಾರು 85 ಸಲ ಗೆಲ್ಲುವುದೂ, ಏನಾದರೂ ಹಿಡಿದ ಒಂಬತ್ತು ಮಂದಿಯ ಮುಂದೆ ಸುಮಾರು 31 ಸಲ ಮಾತ್ರ ಗೆಲ್ಲುವುದೂ ನಿಜ. ಆದರೆ ಲೆಕ್ಕವನ್ನು ಪೂರ್ಣಗೊಳಿಸಿ ನೋಡಬೇಕು. ಒಬ್ಬೊಬ್ಬರೂ ನೂರು ರೂಪಾಯಿ ಹಾಕಿದರೆಂದಿಟ್ಟುಕೊಳ್ಳೋಣ: ಒಬ್ಬನೆದುರು ಇನ್ನೂರರಲ್ಲಿ ನಮ್ಮ ಸರಾಸರಿ ಪಾಲು 170, ಲಾಭ 70, ಒಂಬತ್ತು ಜನರೆದುರು ಸಾವಿರದಲ್ಲಿ ನಮ್ಮ ಪಾಲು 310, ಲಾಭ 210. ಗೆಲ್ಲುವ ಸಲಗಳು ಇಳಿದವು, ಗಳಿಕೆ ಮೂರು ಪಟ್ಟಾಯಿತು. ಸೋತ ಸಲಗಳು ಮನಸ್ಸಿನಲ್ಲಿ ಉಳಿಯುವಷ್ಟು ಗಾಢವಾಗಿ ಗೆದ್ದ ಮೊತ್ತಗಳು ಉಳಿಯುವುದಿಲ್ಲವೆಂಬುದೇ ಆ ಗೊಣಗಾಟದ ಮೂಲ. ಇದರೊಡನೆ, ಇಂಥ ಮೇಜಿನಲ್ಲಿ ಯಾರೂ ಏರಿಸದೆ ಅಗ್ಗವಾಗಿ ಒಳಹೊಗುವ ಅವಕಾಶವಿದ್ದಲ್ಲಿ, ಒಂದೇ ಗುರುತಿನ ಎಕ್ಕ-ಆರು, ಏಳು-ಆರು ಮುಂತಾದುವಕ್ಕೂ ಚಿಕ್ಕ ಜೋಡಿಗಳಿಗೂ ಎಡೆ ದೊರೆಯುತ್ತದೆ. ಅಪರೂಪಕ್ಕೆ ಫಲಿಸಿದರೂ ಫಲಿಸಿದಾಗ ಕೊಡುವವರು ಹಲವರಿದ್ದಾರೆ.

ಮೂರನೆಯವನು ಉಗ್ರ. ಪ್ರತಿ ಎರಡನೆಯ ಕೈಗೂ ಪಣವೇರಿಸುವವನು, ಇನ್ನೊಬ್ಬನು ಏರಿಸಿದರೆ ಮತ್ತೂ ಏರಿಸುವವನು. ಇವನನ್ನು ಕಂಡು ಹೆದರುವವರು ಎಕ್ಕದ ಜೋಡಿಗಾಗಿ ಕಾಯುತ್ತ ಕೂರುತ್ತಾರೆ; ಅಷ್ಟರೊಳಗೆ ಬ್ಲೈಂಡುಗಳೇ ಅವರನ್ನು ಕರಗಿಸಿಬಿಡುತ್ತವೆ. ಇವನ ಮುಂದೆ ಬೆಲೆಯೇರುವುವು ನಡುವಣ ಎಲೆಗಳ ನೆರವಿಲ್ಲದೆಯೂ ಗೆಲ್ಲಬಲ್ಲ ಕೈಗಳು: ಎಂಟರ ಜೋಡಿ, ಒಂಬತ್ತರ ಜೋಡಿ, ಎಕ್ಕ-ಗುಲಾಮ, ಮೊದಲು ಹೇಳಿದ ಎಕ್ಕ-ಹತ್ತು. ಬೆಲೆಯಿಳಿಯುವುವು ಏಳು-ಆರರಂಥ, ಅಗ್ಗದ ಪ್ರವೇಶವನ್ನೂ ಅನೇಕ ಎದುರಾಳಿಗಳನ್ನೂ ಬೇಡುವ ಕೈಗಳು. ಇವನು ಪ್ರವೇಶವನ್ನು ದುಬಾರಿಯಾಗಿಸಿ, ಇತರರನ್ನು ಓಡಿಸಿ, ಅವುಗಳ ಎರಡು ಆಧಾರಗಳನ್ನೂ ಕಿತ್ತುಹಾಕುತ್ತಾನೆ. ಕುಳಿತುಕೊಳ್ಳುವ ಸ್ಥಳಕ್ಕೂ ಇಲ್ಲಿ ಮಹತ್ತ್ವವುಂಟು: ಸರದಿ ಎಡಕ್ಕೆ ತಿರುಗುವುದರಿಂದ ಉಗ್ರನ ಎಡಗಡೆಗೆ ಕುಳಿತವನು ಅವನ ಏರಿಕೆಯನ್ನು ನೋಡಿದ ಮೇಲೆ ನಿರ್ಧರಿಸಬಲ್ಲನು, ಬಲಗಡೆಗೆ ಕುಳಿತವನು ಬೆನ್ನ ಹಿಂದೆ ಏನು ಬಂದೀತೆಂಬ ಶಂಕೆಯಲ್ಲಿಯೇ ಆಡಬೇಕು.

ಮನುಷ್ಯನನ್ನು ಇಷ್ಟು ಸುಲಭವಾಗಿ ಅರಿಯಬಹುದೇ ಎಂದು ಯಾರಾದರೂ ಕೇಳಿದರೆ ಆ ಆಕ್ಷೇಪಣೆಯನ್ನು ನಾನು ಪೂರ್ಣಮನಸ್ಸಿನಿಂದ ಗೌರವಿಸುತ್ತೇನೆ. ಕೈಯಿಂದ ಹಂಚುವ ಮೇಜಿನಲ್ಲಿ ಒಂದು ತಾಸಿಗೆ ಮೂವತ್ತು ಸುತ್ತುಗಳಾಗುವುದೇ ಹೆಚ್ಚು. ನಾಲ್ಕು ತಾಸಿನ ಸಂಜೆಯಲ್ಲಿ ನೂರಿಪ್ಪತ್ತು. ಮೇಲೆ ಹೇಳಿದ ಆ 62 ವಿಧದ ಶ್ರೇಷ್ಠ ಕೈಗಳು ಯಾರಿಗೇ ಆಗಲಿ ಇಪ್ಪತ್ತೊಂದು ಸುತ್ತಿಗೆ ಒಂದರಂತೆ, ಆ ಸಂಜೆಯೆಲ್ಲ ಸೇರಿ ಐದಾರು ಸಲ ಬಂದಾವು. ಅವುಗಳಲ್ಲಿ ಮೂರು ಒಂದೇ ಅರ್ಧ ತಾಸಿನಲ್ಲಿ ಬಂದವನನ್ನು ಉಗ್ರನೆಂದು ತಿಳಿದು, ಅವನ ನಾಲ್ಕನೆಯ ಏರಿಕೆಗೆ ಎಕ್ಕ-ಹತ್ತನ್ನು ಹಿಡಿದು ನುಗ್ಗುವವನು ಮನುಷ್ಯಪರೀಕ್ಷೆಯ ಹೆಸರಿನಲ್ಲಿ ಆತುರವನ್ನು ಆಚರಿಸುತ್ತಾನಷ್ಟೆ. ಏರಿಕೆಗಳನ್ನು ಎಣಿಸುವುದಕ್ಕಿಂತ, ಕೊನೆಯಲ್ಲಿ ಎಲೆ ತೋರಿಸಿದಾಗ ಏನು ಕಂಡಿತೆಂಬುದನ್ನು ನೆನಪಿನಲ್ಲಿಡುವುದು ಹೆಚ್ಚು ವಿಶ್ವಸನೀಯ: ಮೇಜಿನ ಮೊದಲ ಸ್ಥಾನದಿಂದ ಏರಿಸಿದವನು ರಾಣಿ-ಒಂಬತ್ತನ್ನು ಒಮ್ಮೆ ತೋರಿಸಿದನೆಂದರೆ ಅದೊಂದು ಸಾಕ್ಷ್ಯ ಹತ್ತು ಏರಿಕೆಗಳ ಎಣಿಕೆಗೆ ಸಮಾನ. ಮನುಷ್ಯನು ಸಂಜೆಯುದ್ದಕ್ಕೂ ಒಂದೇ ಮನುಷ್ಯನಾಗಿರುವುದಿಲ್ಲವೆಂಬುದನ್ನೂ ಮರೆಯಬಾರದು. ದೊಡ್ಡ ಮೊತ್ತವೊಂದನ್ನು ಸೋತ ಬಿಗಿಮುಷ್ಟಿಯವನು ಆ ಗಾಯದ ಉರಿಯಲ್ಲಿ ಕಾಲು ತಾಸು ಉಗ್ರನಾಗಿಬಿಡುವುದುಂಟು, ಆಟಗಾರರು ಇದನ್ನು ಟಿಲ್ಟ್ ಎನ್ನುತ್ತಾರೆ.

ನನ್ನ ವಾದಕ್ಕೆ ಇದಕ್ಕಿಂತ ಗಂಭೀರವಾದ ಪ್ರತಿವಾದವೊಂದಿದೆ. ಅದು ಯಂತ್ರಗಳ ಕಡೆಯಿಂದ ಬಂದುದು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾನಿಲಯದ ವಿದ್ವಾಂಸರು 2015ರಲ್ಲಿ, ಇಬ್ಬರೇ ಆಡುವ, ಪಣಕ್ಕೆ ಮಿತಿಯುಳ್ಳ ಹೋಲ್ಡೆಮ್ ಆಟವನ್ನು ತಮ್ಮ ಸೆಫೀಯಸ್ ಎಂಬ ಕಾರ್ಯಕ್ರಮವು ವಸ್ತುತಃ ಬಿಡಿಸಿಬಿಟ್ಟಿತೆಂದು ಪ್ರಕಟಿಸಿದರು. 2017ರ ಜನವರಿಯಲ್ಲಿ ಪಿಟ್ಸ್‌ಬರ್ಗಿನ ಕ್ಯಾಸಿನೋವೊಂದರಲ್ಲಿ ಕಾರ್ನೆಗೀ ಮೆಲನ್ ವಿಶ್ವವಿದ್ಯಾನಿಲಯದ ಲಿಬ್ರೇಟಸ್ ನಾಲ್ವರು ವೃತ್ತಿಪರ ಆಟಗಾರರೊಡನೆ ಒಟ್ಟು 1,20,000 ಕೈಗಳನ್ನಾಡಿ ಅವರನ್ನು ನಿಸ್ಸಂದಿಗ್ಧವಾಗಿ ಸೋಲಿಸಿತು. ಈ ಯಂತ್ರವು ಎದುರಾಳಿಗಳ ದೌರ್ಬಲ್ಯಗಳನ್ನು ಬೆನ್ನಟ್ಟಲಿಲ್ಲ. ಹಗಲಿನಲ್ಲಿ ಅವರು ತನ್ನ ಆಟದಲ್ಲಿ ಯಾವ ಬಿರುಕುಗಳನ್ನು ತಡಕಿದರೋ ಅವನ್ನು ರಾತ್ರಿಯ ವೇಳೆ ಲೆಕ್ಕಹಾಕಿ ಮುಚ್ಚಿಕೊಂಡಿತು. ಎದುರಾಳಿಯ ಮುಖವನ್ನು ನೋಡದೆಯೂ ಗೆಲ್ಲಬಹುದಾದರೆ ಮನುಷ್ಯಪರೀಕ್ಷೆಗೆ ಏನರ್ಥ ಎಂಬುದು ಪ್ರತಿವಾದ. ಪಟ್ಟಿಗಳನ್ನು ಬಾಯಿಪಾಠ ಮಾಡುವ ಇಂದಿನ ತರುಣರ ಶ್ರದ್ಧೆಗೆ ಇದೇ ಬುನಾದಿ.

ಈ ಪ್ರತಿವಾದಕ್ಕೆ ಸಮಾಧಾನ ಈ ಯಂತ್ರಗಳ ಹಿಂದಿರುವ ಶಾಸ್ತ್ರದ ಮೂಲಪುರುಷನಲ್ಲಿಯೇ ಇದೆ. ಮನೆಯೊಳಗಿನ ಆಟಗಳನ್ನು ಕುರಿತು 1928ರಲ್ಲಿ ಪ್ರಬಂಧ ಬರೆದು, 1944ರಲ್ಲಿ ಆಸ್ಕರ್ ಮಾರ್ಗೆನ್‌ಸ್ಟರ್ನ್ ಜೊತೆಗೂಡಿ ಆಟಗಳ ಸಿದ್ಧಾಂತದ ಮಹಾಗ್ರಂಥವನ್ನು ರಚಿಸಿದ ಜಾನ್ ಫಾನ್ ನಾಯ್ಮನ್, ಪೋಕರಿನ ಒಂದು ಸರಳರೂಪವನ್ನು ಗಣಿತದಿಂದ ಬಿಡಿಸಿ ತೋರಿಸಿದವನು. ಅವನ ದೃಷ್ಟಿಯಲ್ಲಿ ಸಮತೋಲನದ ಆಟ, ಎಂದರೆ ಎದುರಾಳಿಗೆ ಯಾವ ಬಿರುಕನ್ನೂ ಬಿಡದ ಆಟ, ಆತ್ಮರಕ್ಷಣೆಗೆ ಪರಿಪೂರ್ಣವಾದುದು. ಎದುರಾಳಿ ತಪ್ಪಿದಾಗ ಆ ತಪ್ಪಿನಿಂದ ದೊರೆಯಬಹುದಾದ ಗರಿಷ್ಠ ಫಲವನ್ನು ಅದು ಕೊಡಲೇಬೇಕೆಂದಿಲ್ಲ. ಆಕ್ರಮಣಕ್ಕಾಗಿ ಆ ನೆಲೆಯಿಂದ ಕದಲಿದವನು ತಾನೂ ಆಕ್ರಮಣಕ್ಕೆ ತೆರೆದುಕೊಳ್ಳುತ್ತಾನೆ. ಇಷ್ಟನ್ನು ಒಪ್ಪಿದ ಮೇಲೆ ಯಂತ್ರಕ್ಕೂ ಮನುಷ್ಯಪರೀಕ್ಷೆಗೂ ವಿರೋಧವೇ ಉಳಿಯುವುದಿಲ್ಲ. ಎದುರಾಳಿ ಅಪರಿಚಿತನಾಗಿರುವಾಗ, ಅಥವಾ ನಮಗಿಂತ ಬಲ್ಲವನಾಗಿರುವಾಗ, ಸಮತೋಲನದ ಪಟ್ಟಿ ನಮಗೆ ಕೋಟೆ; ಅವನ ನಡೆಯನ್ನು ಅರಿತ ಮೇಲೂ ಆ ಕೋಟೆಯಿಂದ ಹೊರಬಾರದಿರುವುದು ಬುದ್ಧಿಯನ್ನು ಉಪವಾಸ ಕೆಡವಿದಂತೆ. ಮೇಲಾಗಿ ಸೋಲದಿರುವ ಗಣಿತದ ಭರವಸೆ ಇಬ್ಬರೇ ಆಡುವ ಆಟಕ್ಕೆ ಸಂಬಂಧಿಸಿದ್ದು. 2019ರಲ್ಲಿ ಪ್ಲೂರಿಬಸ್ ಎಂಬ ಯಂತ್ರ ಆರು ಮಂದಿಯ ಮೇಜಿನಲ್ಲಿಯೂ ವೃತ್ತಿಪರರನ್ನು ಗೆದ್ದುದು ಅದ್ಭುತವೇ. ಆದರೆ ಅಷ್ಟು ಜನ ಕೂಡಿದಲ್ಲಿ ಆ ಭರವಸೆಯನ್ನು ಯಾವ ಪಟ್ಟಿಯೂ ಕೊಡಲಾರದು.

ಸಂಖ್ಯಾಜ್ಞಾನವೂ ಜೀವಿಯ ಅಂತರಂಗದ ಜ್ಞಾನವೂ ಜೊತೆಗೂಡಬೇಕೆಂಬ ಅರಿವು ನಮ್ಮ ಪರಂಪರೆಗೆ ಹೊಸದಲ್ಲ. ಮಹಾಭಾರತದ ವನಪರ್ವದಲ್ಲಿ ಬರುವ ನಳೋಪಾಖ್ಯಾನದಲ್ಲಿ, ಬಾಹುಕನ ವೇಷದಲ್ಲಿ ರಥ ನಡೆಸುತ್ತಿದ್ದ ನಳನ ಮುಂದೆ ಋತುಪರ್ಣನು ತಾರೆಮರವೊಂದರ ಎಲೆಗಳನ್ನೂ ಹಣ್ಣುಗಳನ್ನೂ ನೋಟಮಾತ್ರದಿಂದ ಲೆಕ್ಕಹಾಕಿ ಹೇಳುತ್ತಾನೆ. ನಳನು ರಥ ನಿಲ್ಲಿಸಿ ಎಣಿಸಿ ನೋಡಿ ಬೆರಗಾಗುತ್ತಾನೆ. ಋತುಪರ್ಣನು ಅವನಿಗೆ ಅಕ್ಷಹೃದಯವನ್ನು ಉಪದೇಶಿಸುತ್ತಾನೆ. ಪ್ರತಿಯಾಗಿ ನಳನಿಂದ ಪಡೆಯುವುದು ಅಶ್ವಹೃದಯವನ್ನು. ದಾಳದ ಲೆಕ್ಕವನ್ನು ಕಲಿತವನು ಕುದುರೆಯ ಮನಸ್ಸನ್ನು ಅರಿತವನಾಗಿದ್ದನೆಂಬುದನ್ನು ನಾನು ಕೇವಲ ಕಾಕತಾಳೀಯವೆಂದು ಎಣಿಸಲಾರೆ.

ಆ ಮಹಾಭಾರತವೇ ಸಭಾಪರ್ವದಲ್ಲಿ ತೋರಿಸುವ ವಿಪರೀತದೃಷ್ಟಾಂತ ಇನ್ನೂ ನೇರವಾಗಿ ನಮ್ಮ ವಿಷಯಕ್ಕೆ ತಾಗುತ್ತದೆ. ಧರ್ಮರಾಯನನ್ನು ದ್ಯೂತಕ್ಕೆ ಕರೆಸಿದ ಮೇಲೆ, ಪಣವೊಡ್ಡುವವನು ದುರ್ಯೋಧನ, ದಾಳ ಹಾಕುವವನು ಶಕುನಿ ಎಂದು ತಿಳಿಯುತ್ತದೆ. ಒಬ್ಬನಿಗಾಗಿ ಇನ್ನೊಬ್ಬನು ಆಡುವುದು ಸರಿಯಲ್ಲವೆಂದು ಧರ್ಮರಾಯನು ಆಕ್ಷೇಪಿಸುತ್ತಾನೆ, ಆಕ್ಷೇಪಿಸಿಯೂ ಆಡುತ್ತಾನೆ. ಎದುರಾಳಿ ಬದಲಾದುದನ್ನು ಕಣ್ಣಾರೆ ಕಂಡು, ಬಾಯಾರೆ ಹೇಳಿ, ತನ್ನ ನಿರ್ಧಾರವನ್ನು ಮಾತ್ರ ಬದಲಾಯಿಸದೆ ಕುಳಿತುದರ ಫಲವನ್ನು ಕುರುಕುಲವೆಲ್ಲ ಉಂಡಿತು. ಪೋಕರಿನಲ್ಲಿಯೂ ಎರಡು ಎಲೆಗಳ ಆಯ್ಕೆಗಿಂತ ಮೊದಲಿನದು ಮೇಜಿನ ಆಯ್ಕೆ. ಎಲ್ಲರೂ ತನಗಿಂತ ಬಲ್ಲವರಾಗಿರುವ ಮೇಜಿನಲ್ಲಿ ಕುಳಿತವನಿಗೆ ಎಕ್ಕದ ಜೋಡಿಯೂ ಸ್ವಲ್ಪವೇ ತಂದುಕೊಡುತ್ತದೆ, ಉಳಿದ ಕೈಗಳೆಲ್ಲ ಬಹಳವಾಗಿ ಕೊಂಡೊಯ್ಯುತ್ತವೆ.

ಇಲ್ಲಿಂದ ನಾನು ಕಾನೂನಿನ ಪ್ರಶ್ನೆಗೆ ಬರುತ್ತೇನೆ. ನಮ್ಮ ದೇಶದಲ್ಲಿ ದಶಕಗಳಿಂದ ನಡೆದ ವಾದವೆಲ್ಲ ಕೌಶಲವೋ ಅದೃಷ್ಟವೋ ಎಂಬ ಒಂದೇ ಕಂಬವನ್ನು ಸುತ್ತಿದೆ. ರಮ್ಮಿಯಲ್ಲಿ ಕೌಶಲ ಪ್ರಧಾನವೆಂದು ಸರ್ವೋಚ್ಚ ನ್ಯಾಯಾಲಯವು 1967ರಲ್ಲಿ ಹೇಳಿತು. ಪೋಕರ್ ಕೌಶಲದ ಆಟವೆಂಬ ನೆಲೆಯ ಮೇಲೆ ಕರ್ನಾಟಕದ ಉಚ್ಚ ನ್ಯಾಯಾಲಯದಿಂದ ಕ್ಲಬ್ಬುಗಳಿಗೆ 2013ರಲ್ಲಿ ಅನುಕೂಲ ದೊರೆಯಿತು; ಗುಜರಾತಿನ ಉಚ್ಚ ನ್ಯಾಯಾಲಯವು 2017ರಲ್ಲಿ ಅದೇ ಆಟವನ್ನು ಅದೃಷ್ಟದ ಆಟವೆಂದಿತು. ಪಣವೊಡ್ಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ 2021ರ ಕರ್ನಾಟಕದ ತಿದ್ದುಪಡಿಯನ್ನು ನಮ್ಮ ಉಚ್ಚ ನ್ಯಾಯಾಲಯವೇ 2022ರ ಫೆಬ್ರುವರಿಯಲ್ಲಿ ರದ್ದುಗೊಳಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯಾದರೋ ಕೌಶಲ, ಅದೃಷ್ಟ ಎಂಬ ಭೇದವನ್ನೇ ಬದಿಗೊತ್ತಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳೆಲ್ಲವನ್ನೂ ನಿಷೇಧಿಸಿತು.

ಪೋಕರಿನಲ್ಲಿ ಕೌಶಲವಿದೆಯೆಂಬುದಕ್ಕೆ ಈವರೆಗೆ ವಿವರಿಸಿದ ಆಯ್ಕೆಯ ಹೊಂದಾಣಿಕೆಗಿಂತ ಪ್ರಬಲವಾದ ಸಾಕ್ಷ್ಯವನ್ನು ನಾನು ಕಾಣೆ. ಆದರೆ ಕೌಶಲವಿರುವುದರಿಂದಲೇ ಈ ಆಟ ನಿರಪಾಯವೆಂದು ವಾದಿಸಿದವರು ತಮ್ಮ ಸಾಕ್ಷ್ಯವನ್ನು ಸರಿಯಾಗಿ ಓದಲಿಲ್ಲ. ಈ ಕೌಶಲದ ಸ್ವರೂಪವೇನು? ಬೇರೊಬ್ಬನ ಅಂಜಿಕೆ, ಆಸೆ, ಕೋಪ, ಅಜ್ಞಾನಗಳನ್ನು ಗುರುತಿಸಿ ಅವುಗಳಿಗೆ ತಕ್ಕ ಎಲೆಗಳನ್ನು ಆರಿಸುವುದು. ಮೇಜನ್ನು ನಡೆಸುವವನು ಪ್ರತಿ ಮೊತ್ತದಿಂದಲೂ ರೇಕ್ ಎಂಬ ತನ್ನ ಪಾಲನ್ನು ತೆಗೆದುಕೊಳ್ಳುವಲ್ಲಿ ಸಮಬಲರಾದವರೆಲ್ಲರೂ ಕಾಲಕ್ರಮದಲ್ಲಿ ಸೋಲಲೇಬೇಕು. ಅಲ್ಲಿ ಒಬ್ಬನು ಗಳಿಸಬೇಕಾದರೆ ತನಗಿಂತ ತಿಳಿಯದವನೊಬ್ಬನು ಇರಲೇಬೇಕು. ಲಾಟರಿಯಲ್ಲಿ ಕಳೆದುಕೊಂಡವನನ್ನು ಯಾರೂ ಆರಿಸಿಕೊಂಡಿರಲಿಲ್ಲ. ಇಲ್ಲಿ ಕಳೆದುಕೊಂಡವನನ್ನು ಆರಿಸಿಕೊಂಡಿದ್ದರು. ಆನ್‌ಲೈನ್ ಮೇಜಿನಲ್ಲಂತೂ ಒಬ್ಬನು ನೂರಕ್ಕೆ ಎಷ್ಟು ಕೈಗಳನ್ನಾಡಿದ, ಎಷ್ಟಕ್ಕೆ ಏರಿಸಿದ ಎಂಬುದನ್ನು ಲೆಕ್ಕವಿಟ್ಟು ಅವನ ಹೆಸರಿನ ಪಕ್ಕದಲ್ಲಿಯೇ ತೋರಿಸುವ ಉಪಕರಣಗಳು ಬಂದವು; ಸಂಬಳದ ಹಣವನ್ನು ಮೊಬೈಲಿನಿಂದ ಕಟ್ಟಿದ ಹುಡುಗನಿಗೆ ತನ್ನನ್ನು ಹೀಗೆ ಯಾರೋ ಅಳೆಯುತ್ತಿದ್ದಾರೆಂಬ ಕಲ್ಪನೆಯೂ ಇರಲಿಲ್ಲ. ಅವನ ಮನೆಯವರ ದೃಷ್ಟಿಯಿಂದ ಎದುರಾಳಿಯ ಕೌಶಲ ಹೆಚ್ಚಾದಷ್ಟೂ ಅನಾಹುತ ಹೆಚ್ಚು. ಆದುದರಿಂದ ಹಣದ ಆನ್‌ಲೈನ್ ಆಟವನ್ನು ತಡೆಯುವುದಕ್ಕೆ ಪೋಕರಿನಲ್ಲಿ ಕೌಶಲವಿಲ್ಲವೆಂದು ಸಾಧಿಸಬೇಕಾದ ಅಗತ್ಯ ಶಾಸನಕ್ಕೆ ಇರಲಿಲ್ಲ. ಆ ಅಗತ್ಯವನ್ನು ಕಳಚಿಹಾಕಿದ್ದನ್ನು ನಾನು ಸ್ವಾಗತಿಸುತ್ತೇನೆ.

ಹಣವಿಲ್ಲದೆ ಪೋಕರ್ ಆಡಿದರೆ ಯಾರೂ ಎಲೆ ಬಿಸಾಡುವುದಿಲ್ಲ, ಎಲ್ಲರೂ ಕೊನೆಯವರೆಗೆ ನಿಲ್ಲುತ್ತಾರೆ, ಆದುದರಿಂದ ಎದುರಾಳಿಯನ್ನು ಅರಿಯುವ ವಿದ್ಯೆಗೆ ಅಲ್ಲಿ ಎಡೆಯೇ ಇಲ್ಲ ಎಂದು ಆಟದ ಅಭಿಮಾನಿಗಳು ಹೇಳುವುದುಂಟು. ಕಳೆದುಕೊಂಡಷ್ಟನ್ನೂ ಮತ್ತೆ ತೆಗೆದುಕೊಳ್ಳಬಹುದಾದ ಆಟಕ್ಕೆ ಈ ಮಾತು ಸಲ್ಲುತ್ತದೆ. ಆದರೆ ಪ್ರತಿಯೊಬ್ಬನಿಗೂ ಸಮಾನವಾಗಿ ನೂರು ಹುಣಸೆಬೀಜಗಳನ್ನು ಎಣಿಸಿಕೊಟ್ಟು, ಮುಗಿದರೆ ಮತ್ತೆ ಕೊಡುವುದಿಲ್ಲವೆಂದೂ, ಬೀಜ ಮುಗಿದವನು ಆಟ ತೀರುವವರೆಗೆ ಹೊರಗೆ ಕುಳಿತು ಇತರರ ಆಟ ನೋಡಬೇಕೆಂದೂ, ಅರ್ಧ ತಾಸಿಗೊಮ್ಮೆ ಬ್ಲೈಂಡುಗಳು ಇಮ್ಮಡಿಯಾಗುವುವೆಂದೂ ನಿಯಮ ಮಾಡಿಕೊಂಡರೆ, ಅಕ್ಕಪಕ್ಕದ ಮನೆಯ ಆರು ಮಂದಿ ಕುಳಿತ ಆ ಮೇಜಿನಲ್ಲಿಯೂ ಎಲೆ ಬಿಸಾಡುವವರಿರುತ್ತಾರೆ, ಬೆದರಿಸುವವರಿರುತ್ತಾರೆ, ಬೆದರದವರಿರುತ್ತಾರೆ. ಬಿಗಿಮುಷ್ಟಿಯ ಚಿಕ್ಕಪ್ಪನ ಏರಿಕೆಗೆ ರಾಜ-ರಾಣಿಯನ್ನು ಬಿಸಾಡಬೇಕೆ ಎಂಬ ಪ್ರಶ್ನೆ ಅಲ್ಲಿಯೂ ಅಷ್ಟೇ ಕಠಿನವಾಗಿ ಎದುರಾಗುತ್ತದೆ. ಬೀಜಗಳು ಮಾತ್ರ ಮರುದಿನ ಎಲ್ಲರಿಗೂ ನೂರುನೂರಾಗಿ ಹಿಂದಿರುಗುತ್ತವೆ.